ಅರ್ತ್ ಆಗ್ತಿಲ್ಲ

ನನ್ನ ಅಂಗಡಿ ನ್ಯಾಮತಿಯಲ್ಲಿ, ಹೊನ್ನಾಳಿ ರಸ್ತೆಗಿದೆ. ಬ್ಯಾಟರಿ, ಡೈನಮೋ, ಹಾರ್ನು, ಲೈಟು, ಈಚೆಗೆ ರಿವರ್ಸ್ ಕ್ಯಾಮೆರಾ, ಹೀಗೆ ಗಾಡಿಯಲ್ಲಿ ಕರೆಂಟು ಹರಿಯುವ ಕಡೆಗೆಲ್ಲ ನನ್ನ ಕೈ ಹೋಗುತ್ತದೆ. ಕೆಲಸ ಕಲಿತದ್ದು ಚನ್ನಗಿರಿಯಲ್ಲಿ, ಒಬ್ಬ ಉಸ್ತಾದರ ಹತ್ತಿರ ಆರು ವರ್ಷ. ಕೆಲಸದ ಜೊತೆಗೆ ಕೆಲಸದ ಮಾತುಗಳನ್ನೂ ಅಲ್ಲೇ ಕಲಿತೆ. ಕಸುಬಿಗಿಂತ ಕಸುಬಿನ ಮಾತಿನ ಮೇಲೆ ಮನುಷ್ಯನಿಗೆ ಜಂಬ ಜಾಸ್ತಿ. ನನ್ನ ಜಂಬದಿಂದ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಕೆಟ್ಟಿತು. ಅದನ್ನು ಹೇಳುತ್ತೇನೆ. ಕೇಳಿ ಬೈಯುವವರು ಬೈಯಲಿ.

ಬೈಲಪ್ಪ ಜಗಳೂರು ಕಡೆಯವನು. ನಮ್ಮೂರ ಹೊರಗಿನ ಒಂದು ಖಾಸಗಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ವ್ಯಾನು ಓಡಿಸುತ್ತಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವನು, ನಾನು ಅಣ್ಣ ಅನ್ನುತ್ತಿದ್ದೆ. ಇಷ್ಟು ವರ್ಷದಲ್ಲಿ ಒಂದು ಕೋಳಿಮರಿಯನ್ನೂ ಚಕ್ರಕ್ಕೆ ಸಿಕ್ಕಿಸಿದವನಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಬರೆದರೆ ಮಾತಾಡಿದ ಹಾಗೆಯೇ ಬರೆಯುವವನು.

ಆ ವ್ಯಾನು ರಿವರ್ಸ್ ಬರಬೇಕಾದರೆ ಮೊದಲೆಲ್ಲ ತಿಪ್ಪಮ್ಮ ಬೇಕಿತ್ತು. ತಿಪ್ಪಮ್ಮ ಆ ಶಾಲೆಯ ಆಯಾ. ಗಾಡಿಯ ಹಿಂದೆ ಒಂದು ಪಕ್ಕಕ್ಕೆ ನಿಂತು, ಬಾಡಿಯನ್ನು ಅಂಗೈಯಿಂದ ತಟ್ಟುತ್ತ ‘ಬರ್ಲಿ, ಬರ್ಲಿ, ಬರ್ಲಿ’ ಅನ್ನುವಳು. ಸಾಕು ಅನ್ನಿಸಿದಾಗ ಎರಡು ಏಟು ಜೋರಾಗಿ ಬಡಿದು ‘ಹೋಲ್ಡಾನ್’ ಅನ್ನುವಳು. ಬೈಲಪ್ಪ ಕನ್ನಡಿ ನೋಡದಿದ್ದರೂ ಅವಳ ಕೈಯ ಸದ್ದು ಕೇಳುತ್ತಿದ್ದ. ಕಳೆದ ಜೂನ್‌ನಲ್ಲಿ ಎಲ್ಲ ಗಾಡಿಗಳಿಗೂ ಹಿಂದೆ ಕ್ಯಾಮೆರಾ, ಮುಂದೆ ಡ್ರೈವರ್ ಹತ್ತಿರ ಅಂಗೈಯಗಲದ ಪರದೆ ಬಂತು. ಹೊರಗಿನವರು ಯಾರೋ ಬಂದು ಒಂದೇ ದಿನದಲ್ಲಿ ಐದು ಗಾಡಿಗೆ ಹಾಕಿ ಹೋದರು. ಹಿಂದೆ ಯಾರೂ ನಿಲ್ಲುವುದು ಬೇಡ ಅಂತ ಆಫೀಸಿನಿಂದ ಆರ್ಡರ್ ಆಯಿತು. ತಿಪ್ಪಮ್ಮನಿಗೆ ಸಣ್ಣ ಮಕ್ಕಳ ಹಾಲಿನ ಲೋಟ ತೊಳೆಯುವ ಕೆಲಸ ಕೊಟ್ಟರು. ತೊಳೆಯುವ ನಲ್ಲಿ ಎಲ್ಲಿದೆ ಅಂದರೆ ಶಾಲೆಯ ಹಿತ್ತಲಲ್ಲಿ, ವ್ಯಾನುಗಳು ರಿವರ್ಸ್ ಬಂದು ನಿಲ್ಲುವ ಜಾಗದಲ್ಲೇ, ನೀರಿನ ಟ್ಯಾಂಕಿನ ಬುಡಕ್ಕೆ.

ಆಗಸ್ಟ್‌ನಲ್ಲಿ ಒಂದು ದಿನ ಮಧ್ಯಾಹ್ನ ಬೈಲಪ್ಪ ವ್ಯಾನು ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದ.

‘ರಂಗಪ್ಪ, ಪರದೆ ಮ್ಯಾಲೆ ಹುಳ ಹರಿದಾಡ್ತಾವೆ ಕಣಪ್ಪ. ಹಿಂದೆ ಏನೈತೆ, ಏನಿಲ್ಲ, ಒಂದೂ ಕಾಣಂಗಿಲ್ಲ. ವಸಿ ನೋಡು.’

ಕೀ ಹಾಕಿ ರಿವರ್ಸ್ ಗೇರಿಗೆ ತಂದೆ. ಪರದೆ ಚೊಕ್ಕವಾಗಿತ್ತು. ರಸ್ತೆ ಆಚೆಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರ ಮುಖ ಗುರುತು ಹಿಡಿಯಬಹುದಿತ್ತು.

‘ಎಲ್ಲೈತಣ್ಣ ಹುಳ?’ ಅಂದೆ.

‘ಇಂಜಿನ್ ಚಾಲೂ ಮಾಡಿ ನೋಡು.’

ಮಾಡಿದೆ. ಅಡ್ಡಡ್ಡ ಗೆರೆಗಳು ಒಂದರ ಹಿಂದೆ ಒಂದು ಮೇಲಕ್ಕೆ ಹತ್ತತೊಡಗಿದವು. ಆಕ್ಸಿಲೇಟರ್ ಒತ್ತಿದರೆ ಗೆರೆ ದಪ್ಪವಾಗಿ, ಪರದೆ ತುಂಬ ಮಿಲಮಿಲ ಅಂದವು. ಬೈಲಪ್ಪ ಅಂದದ್ದು ಸರಿ, ಮಳೆಗಾಲದ ಸಗಣಿಗುಂಡಿ ಹಾಗೇ ಇತ್ತು.

ಇಂಜಿನ್ ಜೊತೆ ಬಂದು ಇಂಜಿನ್ ಜೊತೆ ಹೋಗುವ ಕಾಯಿಲೆ ಅಂದರೆ ಕರೆಂಟಿನದು, ಕ್ಯಾಮೆರಾದ್ದಲ್ಲ. ಡ್ರೈವರ್ ಫ್ಯಾನಿನ ವೈರ್ ಕಿತ್ತೆ, ಗೆರೆ ಹೋಗಲಿಲ್ಲ. ಟೇಪ್ ರೆಕಾರ್ಡರಿನದು ಕಿತ್ತೆ, ರಿವರ್ಸಿಗೆ ಹಾಡುವ ಹಾರ್ನಿನದು ಕಿತ್ತೆ, ಏನೂ ಆಗಲಿಲ್ಲ. ಕೊನೆಗೆ ಹಿಂದಕ್ಕೆ ಹೋಗಿ ಕ್ಯಾಮೆರಾ ಬಿಚ್ಚಿದೆ. ಹಾಕಿದ ಪುಣ್ಯಾತ್ಮರು ಅದರ ಮೈನಸ್ ವೈರನ್ನು ಬಣ್ಣ ಬಳಿದ ತಗಡಿಗೆ ಒಂದು ಸ್ಕ್ರೂ ಹೊಡೆದು ಕಟ್ಟಿ ಕೈ ತೊಳೆದುಕೊಂಡಿದ್ದರು. ಸ್ಕ್ರೂ ಕೆಳಗೆ ತುಕ್ಕು. ನಮ್ಮ ಕಸುಬಿನಲ್ಲಿ ಇದಕ್ಕೆ ಅರ್ತ್ ಆಗ್ತಿಲ್ಲ ಅನ್ನುತ್ತೇವೆ. ವೈರು ನೆಲ ಕಾಣದೆ ತೇಲುತ್ತಿದೆ ಅಂತ. ಮೈನಸ್ ಗಟ್ಟಿಯಾಗಿ ಕೂತಿಲ್ಲದಿದ್ದರೆ ಡೈನಮೋದ ಗಲಾಟೆಯೆಲ್ಲ ಪರದೆಗೆ ನುಗ್ಗುತ್ತದೆ. ಖಾತ್ರಿ ಮಾಡಿಕೊಳ್ಳಲು ಬ್ಯಾಟರಿಯ ಮೈನಸ್‌ನಿಂದ ಸೀಟುಗಳ ನಡುವೆ ಒಂದು ಉದ್ದ ವೈರು ಎಳೆದು ಕ್ಯಾಮೆರಾಕ್ಕೆ ಮುಟ್ಟಿಸಿದೆ. ಇಂಜಿನ್ ಓಡುತ್ತಿದ್ದಂತೆಯೇ ಹುಳ ಮಾಯ. ಬೈಲಪ್ಪ ಮಗುವಿನ ಹಾಗೆ ನಕ್ಕ.

ಆ ವೈರನ್ನು ಬಾಡಿಯ ಅಡಿಯಿಂದ ಪೈಪಿನಲ್ಲಿ ತರಬೇಕು, ಅರ್ಧ ದಿನದ ಕೆಲಸ. ಆದರೆ ಆ ಶಾಲೆಯ ಕಾನೂನೇ ಬೇರೆ. ಒಂದು ಬಲ್ಬ್ ಬದಲಿಸಬೇಕಾದರೂ ಡ್ರೈವರ್ ಆಫೀಸಿನ ದೂರು ಪುಸ್ತಕದಲ್ಲಿ ತನ್ನ ಕೈಯಾರೆ ಬರೆಯಬೇಕು, ಅದರ ಕೆಳಗೆ ಸತೀಶ್ ಕುಮಾರ್ ಮೇಷ್ಟ್ರು ಸಹಿ ಹಾಕಬೇಕು. ಸತೀಶ್ ಕುಮಾರ್ ಮೇಷ್ಟ್ರು ಕನ್ನಡ ಪಾಠ ಮಾಡುವವರು, ಜೊತೆಗೆ ಗಾಡಿಗಳ ಉಸ್ತುವಾರಿ. ಜೇಬಿನಲ್ಲಿ ಸದಾ ಕೆಂಪು ಪೆನ್ನು. ಒಮ್ಮೆ ನನ್ನ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, ನಾಲ್ಕು ಜನ ಗಿರಾಕಿಗಳ ಎದುರಿಗೆ, ನನ್ನ ಬೋರ್ಡಿನಲ್ಲಿ ಮೂರು ಕಾಗುಣಿತದ ತಪ್ಪು ಎಣಿಸಿ ತೋರಿಸಿ ಹೋಗಿದ್ದರು. ಅದು ನನ್ನ ಹೊಟ್ಟೆಯಲ್ಲಿ ಕೂತಿತ್ತು.

‘ಬುಕ್ಕಲ್ಲಿ ಏನಂತ ಬರೀಲಿ?’ ಅಂತ ಬೈಲಪ್ಪ ಕೇಳಿದ. ‘ಪರದೆ ಮ್ಯಾಲೆ ಹುಳ ಹರಿದಾಡ್ತಾವೆ, ಏನೂ ಕಾಣಂಗಿಲ್ಲ ಅಂತ ಬರೀಲಾ?’

ನಾನು ನಕ್ಕೆ. ‘ಹುಳ ಗಿಳ ಅಂತ ಬರಿಬ್ಯಾಡಣ್ಣ. ಆ ಮೇಷ್ಟ್ರು ಇಡೀ ಸ್ಟಾಫ್ ರೂಮಿಗೆ ಓದಿ ಹೇಳಿ ನಗ್ತಾರೆ. ಕ್ಯಾಮೆರಾ ಅರ್ತ್ ಆಗ್ತಿಲ್ಲ ಅಂತ ಬರಿ. ಟೆಕ್ನಿಕಲ್ ಮಾತು. ಓದಿದ ಕೂಡ್ಲೆ ಬಾಯಿ ಮುಚ್ಕಂಡು ಸಹಿ ಹಾಕ್ತಾರೆ.’

‘ಅರ್ತ್,’ ಅಂತ ಬೈಲಪ್ಪ ಎರಡು ಸಲ ಹೇಳಿಕೊಂಡ. ನಾನು ಎಳೆದಿದ್ದ ವೈರನ್ನು ಸುತ್ತಿ ಮೊಳೆಗೆ ನೇತುಹಾಕಿದೆ. ಮಕ್ಕಳ ಕಾಲಿಗೆ ಸಿಕ್ಕುತ್ತದೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಪುಸ್ತಕಕ್ಕೆ ಏರದ ಕೆಲಸವನ್ನು ಆ ಶಾಲೆಗೆ ಮಾಡಿಕೊಡುವ ಮನಸ್ಸು ನನಗಿರಲಿಲ್ಲ.

ವಾರ ಕಳೆದ ಮೇಲೆ ಬೈಲಪ್ಪ ಸಿಕ್ಕಿದ. ‘ಏನಾಯ್ತಣ್ಣ?’ ಅಂದರೆ, ‘ಟ್ರೈನಿಂಗ್ ಆಯ್ತು,’ ಅಂದ.

ಆದದ್ದಿಷ್ಟು. ಬೈಲಪ್ಪ ಪುಸ್ತಕದಲ್ಲಿ ‘ಹಿಂದಿನ ಕ್ಯಾಮ್ರ ಅರ್ತ ಆಗ್ತಿಲ್ಲ’ ಅಂತ ದುಂಡಗೆ ಬರೆದಿದ್ದಾನೆ. ಮೇಷ್ಟ್ರು ಕೆಂಪು ಪೆನ್ನು ತೆಗೆದು ‘ತ’ ಹೊಡೆದುಹಾಕಿ ಮೇಲೆ ‘ಥ’ ಬರೆದಿದ್ದಾರೆ. ಆಗ್ತಿಲ್ಲ ಅನ್ನುವುದನ್ನೂ ಬಿಡದೆ ‘ಆಗುತ್ತಿಲ್ಲ’ ಮಾಡಿದ್ದಾರೆ. ಹಿಂದಿನ ಕ್ಯಾಮೆರಾ ಅರ್ಥ ಆಗುತ್ತಿಲ್ಲ! ನಮ್ಮ ಕಡೆ ನಾಲ್ಕನೇ ಕ್ಲಾಸಿನವರೆಲ್ಲ ಅರ್ಥಕ್ಕೆ ಅರ್ತ ಅಂತಲೇ ಬರೆಯುವುದು. ಮೇಷ್ಟ್ರು ದಿನಾ ತಿದ್ದುವ ತಪ್ಪು ಅದು. ಈ ಡ್ರೈವರಿಗೆ ಹೊಸ ಕ್ಯಾಮೆರಾ ತಿಳಿಯುತ್ತಿಲ್ಲ ಅಂದುಕೊಂಡು, ಅವನನ್ನು ವ್ಯಾನಿನಲ್ಲಿ ಕೂರಿಸಿ, ಕೀ ಹಾಕಿ, ರಿವರ್ಸ್ ಗೇರಿಗೆ ತಂದು ಪರದೆ ತೋರಿಸಿದ್ದಾರೆ. ಇಂಜಿನ್ ಚಾಲೂ ಮಾಡಲಿಲ್ಲ. ನಿಂತ ಗಾಡಿಯಲ್ಲಿ ಡೀಸೆಲ್ ಸುಡಬಾರದು ಅಂತ ಗೋಡೆಯ ಮೇಲೆ ಬರೆಸಿದವರೇ ಅವರು. ಪರದೆ ಚೊಕ್ಕವಾಗಿ ಕಂಡಿದೆ.

‘ನಾನು ಹೇಳ್ದೆ ಕಣಪ್ಪ, ಇಂಜಿನ್ ಚಾಲೂ ಮಾಡಿದ್ರೆ ಕಾಣಾಕಿಲ್ಲ ಸಾರ್ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದ್ರು. ಅಲ್ಲಿದ್ದೋರೆಲ್ಲ ನಕ್ರು. ಈಗ ಅರ್ಥ ಆಯ್ತಾ ಅಂತ ಕೇಳಿದ್ರು. ನಾಕು ಜನದ ಮುಂದೆ ಇನ್ನೇನು ಅನ್ನಾಕಾಗ್ತೈತೆ? ಆಯ್ತು ಸಾರ್ ಅಂದೆ. ಸಹಿ ಹಾಕು ಅಂದ್ರು, ಹಾಕ್ದೆ.’

ನನಗೆ ಮೈಯೆಲ್ಲ ಉರಿಯಿತು. ನೆಲ ನಿಜವಾಗಿಯೂ ಡೊಂಕಿತ್ತಲ್ಲ. ಅರ್ತ್ ಅಂದರೆ ನೆಲವೇ ತಾನೇ. ‘ನಾಳೆ ಬಂದು ಅವ್ರ ಮುಖಕ್ಕೇ ಹೇಳ್ತೀನಿ ಬಿಡಣ್ಣ,’ ಅಂದೆ. ಮಾರನೆಯ ದಿನ ಒಂದು ಟ್ರ್ಯಾಕ್ಟರ್ ಬಂತು. ಅದರ ಮಾರನೆಯ ದಿನ ಇನ್ನೇನೋ ಬಂತು. ಶಾಲೆ ನನ್ನ ಅಂಗಡಿಯಿಂದ ಎರಡು ಕಿಲೋಮೀಟರು. ಬಾಯಿ ಇತ್ತು, ಬೈಕಿತ್ತು. ಆ ಮನುಷ್ಯನ ಮುಂದೆ ಹೋಗಿ ನಿಲ್ಲುವ ಮನಸ್ಸಾಗಲಿಲ್ಲ, ಅಷ್ಟೇ. ಬೈಲಪ್ಪನೂ ಮತ್ತೆ ಕೇಳಲಿಲ್ಲ. ಪ್ರತಿ ಸಲ ರಿವರ್ಸಿಗೆ ಮುಂಚೆ ಇಳಿದು ಹಿಂದೆ ಹೋಗಿ ನೋಡಿ ಬಂದು ಆಮೇಲೆ ಗೇರು ಹಾಕುತ್ತಿದ್ದನಂತೆ. ಹಾಗೆ ಮೂರು ತಿಂಗಳು ಕಳೆದ.

ನವೆಂಬರ್‌ನಲ್ಲಿ ಒಂದು ಸಂಜೆ, ನಾಲ್ಕು ಗಂಟೆಗೆ, ಅವನು ಇಳಿದು ನೋಡಿದಾಗ ನಲ್ಲಿ ಹತ್ತಿರ ಯಾರೂ ಇರಲಿಲ್ಲ. ಹತ್ತಿ ಬಾಗಿಲು ಹಾಕಿಕೊಂಡು ಗೇರು ಹಾಕುವಷ್ಟರಲ್ಲಿ ತಿಪ್ಪಮ್ಮ ಲೋಟಗಳ ಬುಟ್ಟಿ ತಂದು ನಲ್ಲಿಯ ಬುಡಕ್ಕೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೂತವಳು ಪಕ್ಕದ ಕನ್ನಡಿಗೆ ಕಾಣುವುದಿಲ್ಲ. ಕಾಣಬೇಕಾದದ್ದು ಪರದೆಯಲ್ಲಿ, ಅಲ್ಲಿ ಹುಳ ಹರಿದಾಡುತ್ತಿದ್ದವು. ನಲ್ಲಿ ಜೋರಾಗಿ ಬಿಟ್ಟಿದ್ದರಿಂದ ರಿವರ್ಸ್ ಹಾಡು ಅವಳ ಕಿವಿಗೆ ಬೀಳಲಿಲ್ಲ. ಅವಳ ಕೂಗಿಗೆ ಬೈಲಪ್ಪ ಬ್ರೇಕ್ ಹಾಕಿದಾಗ ಹಿಂದಿನ ಬಂಪರ್ ಅವಳನ್ನು ಟ್ಯಾಂಕಿನ ಕಟ್ಟೆಗೆ ಒತ್ತಿಬಿಟ್ಟಿತ್ತು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗಕ್ಕೆ ಒಯ್ದರು. ಜೀವ ಉಳಿಯಿತು, ನಡಿಗೆ ಉಳಿಯುತ್ತದೋ ಇಲ್ಲವೋ ಡಾಕ್ಟರು ಹೇಳಲಿಲ್ಲ.

ನಾಲ್ಕು ದಿನದ ಮೇಲೆ ಶಾಲೆಯ ಆಫೀಸಿನಲ್ಲಿ ವಿಚಾರಣೆ ಇಟ್ಟರು. ಕಾರ್ಯದರ್ಶಿ ಬಸವರಾಜಪ್ಪನವರು ಮೇಜಿನ ಹಿಂದೆ, ಪಕ್ಕದಲ್ಲಿ ಮೇಷ್ಟ್ರು, ಎದುರಿಗೆ ಬೈಲಪ್ಪ ನಿಂತುಕೊಂಡು. ಕ್ಯಾಮೆರಾ ಸರಿಯಿದೆ ಅಂತ ಹೇಳಲು ಒಬ್ಬ ಮಿಸ್ತ್ರಿ ಬೇಕಲ್ಲ, ನನ್ನನ್ನು ಕರೆಸಿದರು. ತಪ್ಪು ಕ್ಯಾಮೆರಾದ್ದು ಅಂತಾದರೆ ಬೈಲಪ್ಪನ ಕೆಲಸ ಉಳಿಯುತ್ತಿತ್ತು. ಅವನದೇ ಅಂತಾದರೆ ಕೆಲಸವೂ ಹೋಯಿತು, ಪೊಲೀಸ್ ಸ್ಟೇಷನ್ನಿಗೂ ಅದೇ ಕಾಗದ ಹೋಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯವರು ಕಾರ್ಯದರ್ಶಿಗಳು. ಅವತ್ತು ಮಾತ್ರ ಕೋಲು ಉಳಿದರೆ ಸಾಕು ಅನ್ನುವ ಹಾಗೆ ಕೂತಿದ್ದರು.

ಮೇಷ್ಟ್ರು ಪುಸ್ತಕ ಬಿಡಿಸಿ ಓದಿದರು. ‘ಆಗಸ್ಟ್ ಹದಿನಾಲ್ಕು. ಹಿಂದಿನ ಕ್ಯಾಮೆರಾ ಅರ್ಥ ಆಗುತ್ತಿಲ್ಲ. ಚಾಲಕರೇ ಬರೆದದ್ದು. ಅದರ ಕೆಳಗೆ, ಚಾಲಕರಿಗೆ ಅರ್ಥ ಮಾಡಿಸಲಾಗಿದೆ. ಅವರ ಸಹಿ, ನನ್ನ ಸಹಿ. ನಾವು ಮಾಡಬೇಕಾದದ್ದನ್ನು ಮಾಡಿದ್ದೇವೆ ಸಾರ್.’

‘ಅದು ಅರ್ಥ ಅಲ್ಲ ಸಾರ್, ಅರ್ತ್,’ ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ‘ಅರ್ತಿಂಗ್, ಮೈನಸ್. ಗಾಡಿದು ಕರೆಂಟಿನ ಕಂಪ್ಲೇಂಟು, ಆಗಸ್ಟಲ್ಲಿ ನಾನೇ ನೋಡಿದ್ದೆ. ನಿಮ್ಮ ಕೆಂಪು ಪೆನ್ನಲ್ಲಿ ನೀವೇ ಅದನ್ನ ಬದಲು ಮಾಡಿದೀರಿ.’

ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದೆ. ಕೀ ಹಾಕಿದೆ, ಪರದೆ ಚೊಕ್ಕ. ಇಂಜಿನ್ ಚಾಲೂ ಮಾಡಿದೆ. ಹುಳಗಳು ಎದ್ದು ಬಂದವು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ನೋಡಲು ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಗೆದ್ದೆ ಅಂದುಕೊಂಡು ಬೈಲಪ್ಪನ ಕಡೆ ತಿರುಗಿದೆ. ಅವನು ಪರದೆ ನೋಡುತ್ತಿರಲಿಲ್ಲ. ಟ್ಯಾಂಕಿನ ಕಟ್ಟೆ ನೋಡುತ್ತಿದ್ದ.

ಕಾರ್ಯದರ್ಶಿಗಳು ಇಂಜಿನ್ ಆರಿಸಲು ಹೇಳಿದರು. ‘ಅಂದ್ರೆ ಇವನಿಗೆ ಗೊತ್ತಿತ್ತು,’ ಅಂದರು. ‘ಕ್ಯಾಮೆರಾ ಕಾಣಲ್ಲ ಅಂತ ಗೊತ್ತಿದ್ದೂ ಮಕ್ಕಳು ಓಡಾಡೋ ಜಾಗದಲ್ಲಿ ಮೂರು ತಿಂಗಳು ಗಾಡಿ ಹಿಂದಕ್ಕೆ ತಗಂಡಾನೆ.’

‘ಬುಕ್ಕಲ್ಲಿ ಬರೆದಾನಲ್ಲ ಸಾರ್,’ ಅಂದೆ.

ಮೇಷ್ಟ್ರಿಗೆ ಹೋದ ಜೀವ ಬಂದಿತ್ತು. ‘ಬರೆದದ್ದು ನಮಗೆ ತಿಳಿಯಬೇಕಲ್ಲ? ತಿಳಿಯದೆ ಹೋದಾಗ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಅರ್ಥ ಆಯ್ತು ಅಂತ ಸಹಿ ಬೇರೆ ಹಾಕಿದ್ದಾರೆ.’

ಅತ್ತ ದರಿ, ಇತ್ತ ಪುಲಿ ಅಂದರೆ ಏನು ಅಂತ ಅವತ್ತು ಕಣ್ಣಾರೆ ಕಂಡೆ. ಕ್ಯಾಮೆರಾ ಅರ್ಥ ಆಗಲಿಲ್ಲ ಅಂದರೆ ಬೈಲಪ್ಪ ದಡ್ಡ. ಕ್ಯಾಮೆರಾ ಅರ್ತ್ ಆಗಲಿಲ್ಲ ಅಂದರೆ ಬೈಲಪ್ಪ ಗೊತ್ತಿದ್ದೂ ಮಾಡಿದ ಪಾಪಿ. ನಾನು ಇಂಜಿನ್ ಚಾಲೂ ಮಾಡಿ ಅವನನ್ನು ಸಣ್ಣ ಗುಂಡಿಯಿಂದ ಎತ್ತಿ ದೊಡ್ಡ ಗುಂಡಿಗೆ ಹಾಕಿದ್ದೆ.

ಆಮೇಲೆ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. ‘ನಿನಗೂ ಗೊತ್ತಿತ್ತಲ್ಲಪ್ಪ. ಆಗಸ್ಟಿಂದ. ನೀನು ಯಾರಿಗೆ ಹೇಳ್ದೆ?’

ಹೇಳಬೇಕಾದದ್ದು ಬಾಯಲ್ಲೇ ಇತ್ತು. ಇವನು ಹುಳ ಅಂತ ಬರೆಯಲು ಹೊರಟಿದ್ದ, ಬೇಡ ಅಂದವನು ನಾನು, ಆ ಮಾತು ಕೊಟ್ಟವನು ನಾನು, ಬಂದು ಹೇಳುತ್ತೇನೆ ಅಂತ ಹೇಳಿ ಬರದವನೂ ನಾನು. ಎಲ್ಲ ಸೇರಿದರೂ ನಾಲ್ಕು ಮಾತು. ಆದರೆ ಪೊಲೀಸರ ಕಾಗದಕ್ಕೆ ನನ್ನ ಹೆಸರೂ ಏರುತ್ತದೆ ಅನ್ನುವುದು ಆ ಗಳಿಗೆಯಲ್ಲೇ ಹೊಳೆಯಿತು.

‘ಬೈಲಣ್ಣಂಗೆ ಹೇಳಿದ್ದೆ ಸಾರ್,’ ಅಂದೆ.

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಬೈಲಪ್ಪ ಆಗ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ಇವತ್ತು ನಾನು ಈ ಕತೆ ಹೇಳುತ್ತಿರಲಿಲ್ಲ. ಪಾಪ, ನೀನಾದರೂ ಏನು ಮಾಡುತ್ತೀಯ ಅನ್ನುವ ಹಾಗೆ ನೋಡಿದ. ನಿನ್ನದು ಏನಾದರೂ ಹೇಳುವುದಿದೆಯಾ ಅಂತ ಕಾರ್ಯದರ್ಶಿಗಳು ಕೇಳಿದಾಗ, ‘ನಾನು ಹುಳ ಅಂತ ಬರೆಯೋನಿದ್ದೆ ಸಾರ್,’ ಅಂದ. ಅಲ್ಲಿದ್ದವರಿಗೆ ಅದರ ತಲೆಬುಡ ಗೊತ್ತಾಗಲಿಲ್ಲ. ಯಾಕೆ ಬರೆಯಲಿಲ್ಲ ಅಂತ ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆಫೀಸಿಗೆ ಮರಳಿ ಕಾಗದ ಬರೆದರು. ಕ್ಯಾಮೆರಾದ ದೋಷ ತಿಳಿದಿದ್ದರೂ ಚಾಲಕರು ನಿರ್ಲಕ್ಷ್ಯದಿಂದ ವಾಹನ ಚಲಾಯಿಸಿದ್ದಾರೆ, ಇತ್ಯಾದಿ. ಮೇಷ್ಟ್ರದೇ ಒಕ್ಕಣೆ, ಒಂದು ತಪ್ಪಿಲ್ಲ. ಬೈಲಪ್ಪನಿಗೆ ಅದನ್ನು ಓದಿ ಹೇಳಿದರು. ಕೊನೆಯಲ್ಲಿ, ಓದಿ ಹೇಳಿದ್ದು ನನಗೆ ಅರ್ಥವಾಗಿದೆ ಅಂತ ಅವನೇ ತನ್ನ ಕೈಯಲ್ಲಿ ಬರೆದು ಸಹಿ ಹಾಕಬೇಕು ಅಂದರು. ಅವನು ಮೇಜಿನ ಮೇಲೆ ಬಗ್ಗಿ ನಿಧಾನವಾಗಿ ದುಂಡಗೆ ಬರೆದ. ‘ಓದಿ ಹೇಳಿದ್ದು ನನಗೆ ಅರ್ತ ಆಗೈತೆ.’

ಮೇಷ್ಟ್ರ ಕೈ ರೂಢಿಯಂತೆ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಕಾರ್ಯದರ್ಶಿಗಳು ತಡೆದರು. ‘ಇರ್ಲಿ ಬಿಡ್ರಿ ಮೇಷ್ಟ್ರೇ, ಅವನ ಕೈಬರಹ ಹಂಗೇ ಇರ್ಲಿ, ಒಳ್ಳೇದು.’ ಮೇಷ್ಟ್ರು ಈ ಸಲ ತಿದ್ದಲಿಲ್ಲ.

ಬೈಲಪ್ಪ ಹೆಂಡತಿಯನ್ನು ಕರೆದುಕೊಂಡು ಜಗಳೂರಿಗೆ ಹೋದ. ಹೋಗುವ ಮುಂಚೆ ಶಿವಮೊಗ್ಗಕ್ಕೆ ಹೋಗಿ ತಿಪ್ಪಮ್ಮನ ಮಂಚದ ಪಕ್ಕ ಒಂದು ಗಂಟೆ ಕೂತಿದ್ದನಂತೆ. ಅವಳು ಅವನನ್ನು ಬೈಯಲಿಲ್ಲವಂತೆ. ‘ನಾನು ಹಿಂದೆ ನಿಂತಿದ್ರೆ ಹಿಂಗಾಗ್ತಿರ್ಲಿಲ್ಲ ಬಿಡಪ್ಪ,’ ಅಂದಳಂತೆ. ಇದನ್ನು ನನಗೆ ಹೇಳಿದ್ದು ಅವಳ ಮಗಳು, ಬೈಲಪ್ಪನಲ್ಲ. ನನ್ನ ಅಂಗಡಿ ಮುಂದೆಯೇ ಬಸ್ಸು ನಿಲ್ಲುತ್ತದೆ. ಅವನು ಆಚೆ ಸ್ಟಾಪಿಗೆ ನಡೆದುಕೊಂಡು ಹೋಗಿ ಹತ್ತಿದ. ಕೇಸು ಹೊನ್ನಾಳಿ ಕೋರ್ಟಿನಲ್ಲಿದೆ. ತಾರೀಕಿಗೆ ಬಂದು ಹೋಗುತ್ತಾನೆ ಅಂತ ಕೇಳಿದ್ದೇನೆ.

ಮುಂದಿನ ವಾರ ಶಾಲೆಯವರು ಐದೂ ಗಾಡಿಗಳ ಕ್ಯಾಮೆರಾ ಸರಿ ಮಾಡಲು ನನ್ನನ್ನೇ ಕರೆದರು. ಹೋದೆ. ಮೊಳೆಗೆ ನೇತುಹಾಕಿದ್ದ ಅದೇ ವೈರನ್ನು ಬೈಲಪ್ಪನ ಗಾಡಿಗೆ ಹಾಕಿದೆ. ಅರ್ಧ ದಿನದ ಕೆಲಸ ಅಂದಿದ್ದೆನಲ್ಲ, ಎರಡು ಗಂಟೆಯಲ್ಲಿ ಮುಗಿಯಿತು. ಇಂಜಿನ್ ಚಾಲೂ ಮಾಡಿದರೆ ಪರದೆಯಲ್ಲಿ ಟ್ಯಾಂಕಿನ ಕಟ್ಟೆ, ನಲ್ಲಿ, ನಲ್ಲಿಯಿಂದ ತೊಟ್ಟಿಕ್ಕುವ ನೀರು ಕೂಡ ಕಂಡಿತು. ಹೊಸ ಡ್ರೈವರ್ ತಲೆಯಾಡಿಸಿದ.

ಈಗ ಪುಸ್ತಕದಲ್ಲಿ ಮಿಸ್ತ್ರಿಯೇ ಬರೆಯಬೇಕು ಅಂತ ಹೊಸ ಕಾನೂನು. ಆಫೀಸಿಗೆ ಹೋಗಿ ಪುಸ್ತಕ ತೆಗೆದುಕೊಂಡೆ. ಕೈ ತಾನಾಗಿಯೇ ಅರ್ತಿಂಗ್ ಅಂತ ಬರೆಯಲು ಹೊರಟಿತು. ತಡೆದುಕೊಂಡು ಬೈಲಪ್ಪನ ಮಾತನ್ನೇ ಬರೆದೆ. ‘ಇಂಜಿನ್ ಚಾಲೂ ಇದ್ದಾಗ ಪರದೆ ಮೇಲೆ ಹುಳ ಹರಿದಾಡಿದಂಗೆ ಆಗಿ ಹಿಂದೆ ಏನೂ ಕಾಣುತ್ತಿರಲಿಲ್ಲ. ಸರಿ ಮಾಡಿದೆ.’

ಮೇಷ್ಟ್ರು ಒಂದೇ ಸಲ ಓದಿ ಸಹಿ ಹಾಕಿದರು. ಕೆಂಪು ಪೆನ್ನಿನ ಕ್ಯಾಪು ಮುಚ್ಚುತ್ತ, ‘ನೋಡಿ ರಂಗಪ್ಪ,’ ಅಂದರು, ‘ಅವತ್ತು ಆ ಮನುಷ್ಯ ಹೀಗೆ ಬರೆದಿದ್ದರೆ ಯಾರಿಗಾದರೂ ಅರ್ಥ ಆಗ್ತಿತ್ತು.’